ಕಾಲು ಮೆಟ್ಟಿಲು ಕೆಳಗೆ

ವೀರಾಜಪೇಟೆಯ ಹಳೇ ಕಾಫಿ ಗೋದಾಮಿನಲ್ಲಿ
ಚೀಲಗಳನ್ನು ಒಂದು ಗೋಡೆಗೆ ಸರಿಸಿ
ನಾಲ್ಕು ಜನ ಕೂರುವಷ್ಟು ಜಾಗ ಮಾಡಿದ್ದರು.
ಡಿಸೆಂಬರ್. ಬಾಯಿ ತೆರೆದರೆ ಹೊಗೆ.
ಎವ್ಲಿನ್ ಟೀಚರ ಪಿಯಾನೋ ಅಲ್ಲೇ ಇತ್ತು,
ಯಾವುದೋ ದೊರೆ ಹಡಗಿಗೆ ಹೇರಲಾರದೆ ಬಿಟ್ಟುಹೋದದ್ದು.
ಎಷ್ಟೋ ಮಳೆಗಾಲ ಕುಡಿದು
ಶ್ರುತಿಯಿಂದ ಕಾಲು ಮೆಟ್ಟಿಲು ಕೆಳಗಿಳಿದು ಕೂತಿತ್ತು.
ಮೇಲೆತ್ತಲು ಬಂದ ಮೈಸೂರಿನವನು
ಎರಡು ತಂತಿ ಕಡಿದುಕೊಂಡು
ಕೈಮುಗಿದು ಬಸ್ಸು ಹತ್ತಿದ್ದ.

ನಾನು ತಂದದ್ದು ಐದು ಮನೆಯ ಕೊಳಲು.
ಶ್ರುತಿ ತಾಯಿ, ಲಯ ತಂದೆ ಅನ್ನುತ್ತಿದ್ದರು ಗುರುಗಳು.
ಇಲ್ಲಿ ತಾಯಿಗೆ ನೆಗಡಿ.
ತಂದೆ ಇನ್ನೂ ಬಂದೇ ಇಲ್ಲ:
ಮೇದರ ಸಣ್ಣಯ್ಯ ಅಮ್ಮತ್ತಿಯ ಮದುವೆಯಲ್ಲಿ
ವಾಲಗ ಮುಗಿಸಿ ಬರಬೇಕಿತ್ತು.

ಹೆದರಿಕೊಂಡೇ ಊದಿದೆ. ಕೂಡಿತು!
ಚಳಿಗೆ ನನ್ನ ಬಿದಿರೂ ಅಷ್ಟೇ ಇಳಿದಿತ್ತು,
ಸರಿಯಾಗಿ ಕಾಲು ಮೆಟ್ಟಿಲು.
ಹತ್ತು ನಿಮಿಷ.
ಆಮೇಲೆ ನನ್ನ ಉಸಿರಿಗೇ ಕಾವೇರಿ
ಕೊಳಲು ತನ್ನ ಮನೆಗೆ ವಾಪಸು ಹೊರಟಿತು.
ಎವ್ಲಿನ್ ಟೀಚರು ಕನ್ನಡಕದ ಮೇಲಿಂದ ನೋಡಿದರು.
ನಾನು ನಿಲ್ಲಿಸಿದೆ. ಕಿಟಕಿಯ ಸಿಮೆಂಟು ಹಲಗೆಯ ಮೇಲೆ
ಕೊಳಲನ್ನು ಮಲಗಿಸಿ, ಕೈ ಉಜ್ಜಿಕೊಳ್ಳುತ್ತಾ
ಎರಡು ಆವರ್ತ ಸುಮ್ಮನಿದ್ದೆ.

ಸುಬೇದಾರ್ ಚೆಂಗಪ್ಪ, ರೆಜಿಮೆಂಟಿನ ಬ್ಯಾಂಡಿನಲ್ಲಿ
ಇಪ್ಪತ್ತೆಂಟು ವರ್ಷ ಸ್ಯಾಕ್ಸೊಫೋನು ಊದಿ ಬಂದವರು,
ತುಟಿಯಿಂದ ಅದನ್ನು ತೆಗೆದು ಹೇಳಿದರು:
"ಆ ಖಾಲಿ ಬಿಟ್ಟೆಯಲ್ಲಮ್ಮ, ಅದೇ ಜಾಝ್.
ನನಗೆ ಅದು ಬರಲು ಪೆನ್ಷನ್ ಆಗಬೇಕಾಯಿತು."
ನಾನು ನಿಜ ಹೇಳಲಿಲ್ಲ.

ಅವರ ಹನ್ನೆರಡು ಬಾರು ನನ್ನ ಬೆರಳಲ್ಲಿ
ನಲವತ್ತೆಂಟು ಅಕ್ಷರ, ಆರು ಆದಿತಾಳ.
ಲೆಕ್ಕ ಸರಿ, ನಡಿಗೆ ತಪ್ಪು.
"ಪರೇಡಿಗೆ ತಡವಾಗಿ ಬಂದೂ
ಸಿಕ್ಕಿಬೀಳದ ಸಿಪಾಯಿಯ ಹಾಗೆ ಬಾ" ಅಂದರು.
ನಾನು ಪ್ರತಿ ಸಲ ಸಮಯಕ್ಕೆ ಸರಿಯಾಗಿ ಬಂದು
ಸಿಕ್ಕಿಬಿದ್ದೆ.
ಅಷ್ಟರಲ್ಲಿ ಸಣ್ಣಯ್ಯ ಬಂದ,
ಬಾಗಿಲಲ್ಲೇ ನಿಂತು ಕೇಳಿ, ನಕ್ಕ:
"ಇದು ನಮ್ಮ ವಾಲಗವೇ ಅಲ್ವಾ,
ಒಂಚೂರು ಕುಡಿದದ್ದು."
ಕಡ್ಡಿ ತೆಗೆದು ಚರ್ಮಕ್ಕೆ ಒಂದೇ ಒಂದು ಇಟ್ಟ,
ಮದುವೆಯಲ್ಲಿ ಕುಣಿಯುವವರ ಹಿಮ್ಮಡಿ
ನೆಲ ಮುಟ್ಟುವ ಆ ತುಸು ತಡದಲ್ಲಿ.
ನನಗೆ ತಿಳಿಯಿತು. ಕಾಲಿಗೆ ಮೊದಲು.

ಇನ್ನೊಂದು ಜಗಳ ಗಾಂಧಾರದ್ದು.
ನನ್ನದು ಎರಡು ಮನೆಯ ನಡುವೆ ತೂಗುತ್ತದೆ,
ಪಿಯಾನೋಕ್ಕೆ ತೂಗಲು ಬರುವುದಿಲ್ಲ.
ಟೀಚರು ಚರ್ಚಿನಲ್ಲಿ ಎಂದೂ ಮಾಡದ ಕೆಲಸ ಮಾಡಿದರು:
ಕಪ್ಪನ್ನೂ ಬಿಳಿಯನ್ನೂ
ಒಂದೇ ಬೆರಳಲ್ಲಿ ಜಜ್ಜಿದರು.
ತಪ್ಪೊಪ್ಪಿಗೆಗೆ ಹೋಗುವವರ ಮುಖ ಮಾಡಿಕೊಂಡು
ಮತ್ತೊಮ್ಮೆ ಜಜ್ಜಿದರು.
ನಡುವಿನ ಬಿರುಕಿನಲ್ಲಿ ನನ್ನ ಗಾಂಧಾರ
ತೆಳ್ಳಗೆ ತೂರಿಹೋಯಿತು.

ಜನವರಿಯ ಶನಿವಾರ ಟೌನ್ ಹಾಲು ತುಂಬಿತು.
ಕಾಫಿ ಕೊಯ್ಲಿನ ನಡುವೆ ಇಷ್ಟು ಜನ
ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ.
ಸ್ವೆಟರು, ಶಾಲು, ಮಕ್ಕಳು, ದೀಪಗಳ ಶೆಖೆ.
ಗೋದಾಮಿನಿಂದ ಲಾರಿಯಲ್ಲಿ ಬಂದ ಪಿಯಾನೋ
ತನ್ನ ತಗ್ಗಿನಲ್ಲೇ ಕೂತಿತ್ತು.
ನನ್ನ ಕೊಳಲು ಇಳಿಯಲಿಲ್ಲ.
ಎಷ್ಟು ಖಾಲಿ ಬಿಟ್ಟರೂ ಇಳಿಯಲಿಲ್ಲ,
ಆ ವೇದಿಕೆಗೆ ಕಿಟಕಿಯೇ ಇರಲಿಲ್ಲ.

ಎರಡನೇ ಸುತ್ತಿಗೆ ಎವ್ಲಿನ್ ಟೀಚರು
ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು.
ಮುನಿಸಲ್ಲ. ತುಟಿ ಎಣಿಸುತ್ತಿತ್ತು,
ಹನ್ನೆರಡೂ ಬಾರನ್ನು, ಒಂದೂ ಬಿಡದೆ.
ಚೆಂಗಪ್ಪ ಊದುಬಾಯಿಯನ್ನು ಒಂದು ನೂಲು ಒಳಕ್ಕೊತ್ತಿ
ನನ್ನ ಎತ್ತರಕ್ಕೆ ಹತ್ತಿ ಬಂದರು.
ಇಷ್ಟು ದಿನ ನಾನು ಬಿಟ್ಟ ಜಾಗವೆಲ್ಲ
ಈಗ ಟೀಚರದ್ದು.
ಅದರ ಸುತ್ತ ನಾವು ಮೂವರು
ಮೆಲ್ಲಗೆ, ಅದನ್ನು ತುಳಿಯದ ಹಾಗೆ,
ತಡವಾಗಿ ತಡವಾಗಿ ನಡೆದೆವು.

ಚಹಾದ ಹೊತ್ತಿಗೆ ಹೆಂಗಸೊಬ್ಬರು ಬಂದು
ಟೀಚರ ಕೈ ಹಿಡಿದುಕೊಂಡರು:
"ನಿಮ್ಮ ಪಿಯಾನೋ ಬಹಳ ಚೆನ್ನಾಗಿತ್ತು."
ಟೀಚರು ಥ್ಯಾಂಕ್ಸ್ ಅಂದರು, ಗಂಭೀರವಾಗಿ.

ಹೊರಗೆ ಮಂಜು. ಸಣ್ಣಯ್ಯ
ಬುಟ್ಟಿ ಹೆಣೆಯುವ ಬೆರಳಲ್ಲಿ
ನನ್ನ ಕೊಳಲು ತಿರುಗಿಸಿ ನೋಡಿದ,
ಗಂಟು ಮುಟ್ಟಿದ, ಮೂಸಿದ.
"ಏನೂ ಆಗಿಲ್ಲ" ಅಂದ.
"ಬಿದಿರಿಗೆ ಶೆಖೆ ಆಯ್ತು, ಅಷ್ಟೆ."