ಇಕ್ಕಳ: ನಲವತ್ತೊಂದನೆಯ ಆವೃತ್ತಿ

ತಾಲ್ಕಾವಾನೊ ಬಂದರು. ನಮ್ಮ ಶಾಲೆಯ ಕಾರ್ಯಾಗಾರದಲ್ಲಿ
ಕಿಟಕಿ ಮುಚ್ಚಿದರೂ ಮೀನುಪುಡಿ ಕಾರ್ಖಾನೆಯ ವಾಸನೆ.
ಏಳು ಮಂದಿ ನಾವು, ಕಂಪ್ಯೂಟರು ನಾಲ್ಕು,
ನೀರಿಗಿಳಿಯಬೇಕಾದ ಹಳದಿ ರೋಬೋ ಒಂದು,
ಅದರ ಮೂತಿಗೊಂದು ಇಕ್ಕಳ.
ಕೊಳದ ತಳದಿಂದ ಸೀಸದ ಉಂಗುರ ಎತ್ತಿ ತರಬೇಕು,
ನವೆಂಬರಿನಲ್ಲಿ, ತೀರ್ಪುಗಾರರ ಎದುರು.

ಮೊದಲ ವರ್ಷ ಪೆನ್‌ಡ್ರೈವಿನಲ್ಲೇ ಸಂಸಾರ.
ಇಕ್ಕಳ-ಕೊನೆಯದು.
ಇಕ್ಕಳ-ಕೊನೆಯದು-ಎರಡು.
ಇಕ್ಕಳ-ನಿಜವಾಗಿ-ಕೊನೆಯದು.
ಇಕ್ಕಳ-ಇದನ್ನು-ಮುಟ್ಟಬೇಡ-ಎಲಿಸೆಯೊ.
ಎಲಿಸೆಯೊ ನಾನೇ.
ಮುಟ್ಟಿದೆ.

ಒರ್ತೆನ್ಸಿಯಾ ಟೀಚರು ಹಡಗುಕಟ್ಟೆಯಲ್ಲಿ
ಹನ್ನೆರಡು ವರ್ಷ ನಕ್ಷೆ ಬರೆದು ಬಂದವರು.
ಎಲ್ಲರ ಗಂಟು ಬಿಚ್ಚಿಸಿ ಒಂದೇ ಕಣಜಕ್ಕೆ ಸುರಿಸಿದರು.
‘ಬರಹವಾದರೆ ಇಬ್ಬರ ಸಾಲನ್ನು ಹೆಣೆಯಬಹುದು,
ಆಕಾರ ಹೆಣೆಯಲು ಬರುವುದಿಲ್ಲ ಮಕ್ಕಳೇ.
ಒಬ್ಬರು ಎತ್ತಿಕೊಂಡರೆ ಉಳಿದವರಿಗೆ ಬೀಗ.
ತಿರುಗಿ ಇಡುವಾಗ
ಏನು ಬದಲಾಯಿತೆಂದು ಒಂದು ಸಾಲು.’

ಬರೆದೆವು, ನಮ್ಮ ಯೋಗ್ಯತೆಗೆ ತಕ್ಕಷ್ಟು:
ಸರಿ ಮಾಡಿದೆ.
ಮತ್ತೆ ಸರಿ ಮಾಡಿದೆ.
ಗೊತ್ತಿಲ್ಲ.
ಹಸಿವು.
ರಾಯೆನ್ ಒಬ್ಬಳು ಮಾತ್ರ
ತೂತು ಐದಲ್ಲ, ಐದೂವರೆ; ಬಣ್ಣ ಒಣಗಿದ ಮೇಲೆ ಅಳೆದೆ
ಎಂದು ಬರೆಯುವಳು. ಇನ್ನೊಂದು ಸಲ
ಎಡ ಬೆರಳು ಎರಡು ಮಿಲಿಮೀಟರು ಉದ್ದ. ಬೇಕೆಂದೇ.
ಯಾಕೆಂದು ಕೇಳಿ.

ಯಾರೂ ಕೇಳಲಿಲ್ಲ.

ತಂಡದ ನಾಯಕನಿಗೆ ಬೀಗ ಮುರಿಯುವ ಹಕ್ಕಿತ್ತು.
ಆಗಸ್ಟಿನ ಒಂದು ರಾತ್ರಿ, ಹೀಟರಿಗೆ ಕಾಲು ಒಡ್ಡಿ ಕೂತು,
ಅವಳ ಬೀಗ ಮುರಿದೆ,
ಎರಡೂ ಬೆರಳು ಸಮ ಮಾಡಿದೆ.
ಚೆಂದ ಕಾಣಲಿ ಅಂತ.
ಬರೆದ ಸಾಲು: ಅಂದಗೊಳಿಸಿದೆ.
ಮನೆಯಲ್ಲಿ ಅವಳು ವಾರವಿಡೀ ತಿದ್ದಿದ್ದಕ್ಕೆ
ಕಣಜದಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ.
ಅವಳು ತನ್ನ ಕ್ಯಾಲಿಪರನ್ನು ಒರೆಸಿದಳು,
ಪೆಟ್ಟಿಗೆಗೆ ಹಾಕಿದಳು, ವಾಲಿಬಾಲಿಗೆ ಸೇರಿದಳು.
ಹೋಗುವ ಮುಂಚೆ ಮಾಡಿದ್ದು ಒಂದೇ.
ಪಟ್ಟಿ ತೆರೆದಾಗಲೆಲ್ಲ ಕಣ್ಣಿಗೆ ಬೀಳುವುದು:
ಇಕ್ಕಳ. ಬೀಗ: ರಾಯೆನ್.
ಮೂರು ದಿನದಿಂದ. ಹನ್ನೊಂದು ದಿನದಿಂದ.
ಇಪ್ಪತ್ತಮೂರು ದಿನದಿಂದ.
ಮುರಿಯುವ ಹಕ್ಕು ಆಗಲೂ ನನ್ನದೇ.
ಕೈ ಏಳಲಿಲ್ಲ.

ಅಷ್ಟರಲ್ಲಿ ತೊಟ್ಟಿಯ ಪರೀಕ್ಷೆ.
ನನ್ನ ಚೆಂದದ ಬೆರಳುಗಳು ಕೂಡಿ ಬಂದವು, ಮುಚ್ಚಿದವು,
ಉಂಗುರ ಜಾರಿತು.
ಮೂರು ಸಲ.
ಎಲ್ಲರೂ ಮೋಟಾರನ್ನು ಬೈದರು. ನಾನೂ ಬೈದೆ, ಜೋರಾಗಿಯೇ.
ರಾತ್ರಿ ಚರಿತ್ರೆಯ ಪುಟ ಹಿಂದಕ್ಕೆ ಸರಿಸುತ್ತ ಕೂತೆ.
ಅಲ್ಲಿ ಬೈಗುಳವಿಲ್ಲ, ಕನಿಕರವೂ ಇಲ್ಲ,
ಮಾಡಿದ್ದುಣ್ಣೋ ಮಹಾರಾಯ ಅಂತ
ತಾರೀಕು, ಗಂಟೆ, ಹೆಸರು.

ಮರುದಿನ ಕ್ಯಾಂಟೀನಿನಲ್ಲಿ, ಎರಡು ತಿಂಗಳು ತಡವಾಗಿ, ಕೇಳಿದೆ:
‘ಎಡ ಬೆರಳು ಯಾಕೆ ಉದ್ದ?’
ಬೆಣ್ಣೆಹಣ್ಣು ಸವರಿದ ಬ್ರೆಡ್ಡು ಅವಳ ಬಾಯಲ್ಲಿತ್ತು.
ಅಗಿದು ಮುಗಿಸುವವರೆಗೂ ನಿಲ್ಲಿಸಿದಳು.
ಆಮೇಲೆ ನನ್ನ ಸೈಕಲ್ಲಿನ ಕೀಲಿಗೊಂಚಲು ಕಿತ್ತುಕೊಂಡು
ಮೇಜಿನ ಮೇಲೆ ಒಗೆದು
ಹೆಬ್ಬೆರಳು, ತೋರುಬೆರಳು ಚಾಚಿದಳು.
‘ಒಂದು ಮೊದಲು ಕೆಳಗೆ ತೂರಬೇಕು.
ಅದು ನಿಂತ ಮೇಲೆ ಇನ್ನೊಂದು ಬರಬೇಕು.
ಇಬ್ಬರೂ ಒಟ್ಟಿಗೆ ನುಗ್ಗಿದರೆ
ಉಂಗುರ ಹಾರುತ್ತೆ, ಪೆದ್ದ.’
ಕೀಲಿ ಎತ್ತಿ ನನ್ನ ತಟ್ಟೆಗೆ ಹಾಕಿದಳು,
ಸೂಪಿನೊಳಗೆ.

ಆ ರಾತ್ರಿ ಒಂದೂ ಹತ್ತಕ್ಕೆ ಬೀಗ ಬಿಟ್ಟಿತ್ತು.
ನಲವತ್ತೊಂದನೆಯ ಆವೃತ್ತಿ. ಕೆಳಗೊಂದು ಸಾಲು:
ನಾನು ವಾಪಸ್ಸು ಬಂದಿಲ್ಲ. ಇಕ್ಕಳ ಮಾತ್ರ ಇಟ್ಟಿದ್ದೇನೆ.

ಎತ್ತಿಕೊಳ್ಳಲಿಲ್ಲ, ನೋಡಲೆಂದಷ್ಟೇ ತೆರೆದೆ.
ತಿರುಗಿಸಿದೆ, ಹತ್ತಿರ ಎಳೆದೆ, ಅಳೆದೆ.
ಎಡ ಬೆರಳು ಎರಡಲ್ಲ,
ಎರಡೂವರೆ ಮಿಲಿಮೀಟರು ಉದ್ದ.

ಯಾಕೆಂದು
ಬೆಳಗ್ಗೆ ಕೇಳಬೇಕು.