ಓದಿದ್ದೇನೆ, ಅರ್ಥವಾಗಿದೆ

ಮೊದಲ ವಾರ ನಾನು ಮಾಡಿದ್ದು ಸಹಿ.
ನಲವತ್ತೊಂದು ಕಡತ, ನಲವತ್ತೊಂದು ಸಲ
ಒಂದೇ ಸಾಲಿನ ಕೆಳಗೆ: ಓದಿದ್ದೇನೆ, ಅರ್ಥವಾಗಿದೆ.
ಕೈ ತೊಳೆಯುವುದು ಹೇಗೆ, ಹನ್ನೆರಡು ಪುಟ.
ಬಾಗಿಲು ತೆರೆಯುವುದು ಹೇಗೆ, ಒಂಬತ್ತು.
ತಪ್ಪಾದರೆ ಹೇಗೆ ಬರೆಯಬೇಕು, ಇಪ್ಪತ್ತಾರು;
ಅದನ್ನಂತೂ ತಿರುವಿಯೂ ನೋಡಲಿಲ್ಲ.
ಕಿಟಕಿಯಾಚೆ ಬಾರ್ಸೆಲೊನೆಟಾದ ಬಿಸಿಲು,
ಪೋರ್ಟೊ ರಿಕೊದ ಬಡಗಣ ಕರಾವಳಿ;
ನನ್ನಜ್ಜ ಅನಾನಸು ಕೊಯ್ದ ನೆಲದ ಮೇಲೆ
ಈಗ ಕಾರುಗಳ ಸಾಲು.
ನೆರೀದಾ, ನೆರೀದಾ ಎಂದು ಬರೆದೂ ಬರೆದೂ
ಕೊನೆಗೆ ಅದು ಯಾರದೋ ಹೆಸರಿನಂತೆ ಕಂಡಿತು.

ಎಂಟನೆಯ ದಿನ ಮಿಗ್ದಾಲಿಯಾಳ ಕೈಗೆ ಒಪ್ಪಿಸಿದರು.
ಇಪ್ಪತ್ತೆಂಟು ವರ್ಷ ಗುಳಿಗೆ ಒತ್ತಿದವಳು;
ಮುಸುಕು, ಟೋಪಿ, ಗವಸು ತೊಟ್ಟರೆ
ಹುಬ್ಬು ಮಾತ್ರ ಮಾತಾಡುವ ಹೆಂಗಸು.
"ಎಲ್ಲ ಓದಿದೆಯಾ?" "ಓದಿದೆ."
"ಅರ್ಥವಾಯಿತಾ?"
ನಾನು ಯಂತ್ರದ ಕಡೆ ನೋಡಿದೆ.
ಹುಬ್ಬು ನಕ್ಕಿತು.
ಅಂಗೈಯಲ್ಲಿ ಒಂದು ಬಿಳಿ ಗುಳಿಗೆ ಇಟ್ಟಳು:
"ಹಾಗಾದರೆ ಇದನ್ನು ಓದು."

ಓದಲು ಇದ್ದದ್ದು ಒಂದೇ ಅಕ್ಷರ: ಬಿ.
"ಹೊಟ್ಟೆ ನೋಡು, ಎರಡಿವೆ.
ಪುಡಿಯಲ್ಲಿ ಪಸೆ ಹೆಚ್ಚಾದರೆ
ಮೊದಲು ಮೇಲಿನದು ಕಿತ್ತುಬರುತ್ತದೆ, ಅದು ಚಿಕ್ಕದು.
ಚಿಕ್ಕವರೇ ಮೊದಲು ಏಟು ತಿನ್ನುವುದು, ಗೊತ್ತಲ್ಲ.
ಯಂತ್ರಕ್ಕೆ ತೂಕ ಗೊತ್ತು, ಹೊಟ್ಟೆ ಗೊತ್ತಿಲ್ಲ."
ಕಿವಿಗೆ ಸ್ಪಂಜು ತುರುಕಿಕೊಂಡೇ ಕೇಳಲು ಕಲಿಸಿದಳು,
ಪಾದದಿಂದ, ಹಲ್ಲಿನ ಬುಡದಿಂದ.

ಮಾರ್ಚಿನವರೆಗೂ ಬಿಡುವ ಯೋಚನೆಯಲ್ಲೇ ಇದ್ದೆ.
ದೊರಾದೋದ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸವಿತ್ತು,
ಕೂದಲಿಗೆ ಗಾಳಿಯಾದರೂ ಸಿಗುತ್ತಿತ್ತು.
ಆದರೆ ಕಿವಿ ಆಗಲೇ ಕೆಟ್ಟುಹೋಗಿತ್ತು:
ಮನೆಯ ಫ್ಯಾನು, ಬಸ್ಸಿನ ಎಂಜಿನ್ನು, ಎಲ್ಲದರಲ್ಲೂ
ತಾಳ ತಪ್ಪುವ ಗಳಿಗೆಗೆ ಹೊಂಚು ಹಾಕುತ್ತಿತ್ತು.

ಒಂದು ರಾತ್ರಿ, ಎರಡೂ ಐವತ್ತು.
ಊರಿನ ಕರೆಂಟು ಹೋಗಿ, ಜನರೇಟರು ಕೆಮ್ಮಿ,
ಮತ್ತೆ ಎಲ್ಲ ಹೊತ್ತಿಕೊಂಡಿತ್ತು. ಪರದೆಯ ತುಂಬ ಹಸಿರು.
ಸದ್ದು ಮಾತ್ರ ತುಸು ದಪ್ಪ,
ನೆಗಡಿಯಾದವರು ತಮ್ಮ ಹೆಸರು ಹೇಳಿದಂತೆ.
ಒಂದನ್ನೆತ್ತಿ ಬೆಳಕಿಗೆ ಹಿಡಿದೆ.
ಬಿಯ ಮೇಲಿನ ಹೊಟ್ಟೆ ಇರಲಿಲ್ಲ.

ಕೆಂಪು ಗುಂಡಿ ಒತ್ತಿದೆ.
ನಿಮಿಷಕ್ಕೆ ಮೂರು ಸಾವಿರ ಗುಳಿಗೆ ನಿಂತ ಮೇಲಿನ ಮೌನ
ಯಾವ ಕಡತದಲ್ಲೂ ಇಲ್ಲ.
ಎಫ್ರಾಯಿನ್ ಓಡಿ ಬಂದ, ಗಾಜಿನಾಚೆ
ಮುಸುಕಿನ ದಾರ ಕಟ್ಟಿಕೊಳ್ಳುತ್ತಾ.
ಯಾಕೆ ನಿಲ್ಲಿಸಿದೆ ಎಂದರೆ ಏನೆನ್ನಲಿ ಎಂದು
ನಾಲಗೆಯಲ್ಲಿ ಕ್ಷಮೆ ಕೂಡಿಸುತ್ತಿದ್ದೆ.
ಅವನು ಕೇಳಿದ: "ನೀನು ಕೇಳಿದ್ದೇನು?"

ಆ ಇಪ್ಪತ್ತಾರು ಪುಟ ಬೆಳಗಿನವರೆಗೆ ಓದಿದೆ. ಬರೆಯಬೇಕಿತ್ತಲ್ಲ.
ಹನ್ನೊಂದನೆಯ ಪುಟ ಯಾರೂ ಮಾಡದ ಕೆಲಸವನ್ನು ಹೇಳುತ್ತಿತ್ತು;
ಹೇಳಿದೆ. ಕೂತು ಕೇಳಿದರು, ಕಾಫಿ ತರಿಸಿ.
ಜೂನಿನಲ್ಲಿ ಹೊಸ ಆವೃತ್ತಿ ಬಂತು. ಅದರಲ್ಲಿ ನನ್ನ ಸಾಲು,
ನನ್ನ ಹೆಸರಿಲ್ಲದೆ, ನನಗಿಂತ ಒಳ್ಳೆಯ ವ್ಯಾಕರಣದಲ್ಲಿ:
ಪ್ರತಿ ಹದಿನೈದು ನಿಮಿಷಕ್ಕೆ ಅಕ್ಷರವನ್ನು ಬರಿಗಣ್ಣಿನಿಂದ ನೋಡತಕ್ಕದ್ದು.
ಅದರ ಕೆಳಗೂ ಸಹಿ ಮಾಡಬೇಕಂತೆ.
ಅರ್ಥವಾಯಿತಾ, ಎಂದಿತು ಮಿಗ್ದಾಲಿಯಾಳ ಹುಬ್ಬು.

ವರ್ಷಕ್ಕೊಮ್ಮೆ ಕಚೇರಿಯಿಂದ ಪ್ರಶ್ನೆಪತ್ರ ಬರುತ್ತದೆ:
ಕೆಲಸದಲ್ಲಿ ನಿಮ್ಮ ಮನಸ್ಸು ಎಷ್ಟಿದೆ? ಒಂದರಿಂದ ಐದು.
ಅಡುಗೆಮನೆಯ ಮೇಜಿನ ಮೇಲೆ ಇನ್ನೂ ಖಾಲಿ ಬಿದ್ದಿದೆ.
ಪಕ್ಕದಲ್ಲಿ ಅಮ್ಮನ ಬಿಪಿ ಗುಳಿಗೆಯ ಡಬ್ಬಿ,
ನಮ್ಮ ಕಂಪನಿಯದಲ್ಲ, ಯಾವ ದೇಶದ್ದೋ.
ಆದರೂ ಒಂದನ್ನು ತೆಗೆದು ದೀಪಕ್ಕೆ ಓರೆಯಾಗಿ ಹಿಡಿಯುತ್ತೇನೆ.
"ಅಷ್ಟು ಚಿಕ್ಕದನ್ನು ಎಷ್ಟು ಹೊತ್ತು ಓದುತ್ತೀಯೇ"
ಎನ್ನುತ್ತಾಳೆ ಅಮ್ಮ,
ನೀರಿನ ಲೋಟ ಹಿಡಿದು ಕಾಯುತ್ತಾ.