ಲಗೇಜ್ ಟಿಕೆಟ್

ಹಾಸನದ ಸ್ಟ್ಯಾಂಡಿನಲ್ಲಿ ಆಳುದ್ದದ ಪೆಟ್ಟಿಗೆ ಹೊತ್ತು
ಹತ್ತಿದ ಹುಡುಗನನ್ನು ತಡೆದು ಕೇಳಿದೆ, ಏನಪ್ಪಾ ಇದು?
ಚೆಲ್ಲೋ, ಅಂದ.
ಚೆಲ್ಲೋದಾದ್ರೆ ಬಸ್ಸೊಳಗೆ ಯಾಕೆ ತಂದೆ, ಅಂದೆ.
ಹಿಂದಿನ ಸೀಟಿನವರೆಲ್ಲ ನಕ್ಕರು. ಅವನೂ.
ಲಗೇಜ್ ಟಿಕೆಟ್ ಹರಿದುಕೊಟ್ಟೆ. ಚಿಲ್ಲರೆ ಇರಲಿಲ್ಲ,
ಚೀಟಿ ಹಿಂದೆ ಬರೆದೆ: ಹದಿನಾಲ್ಕು.

ಚಿಕ್ಕಮಗಳೂರಲ್ಲಿ ಇಳಿಯುವಾಗ ಕೈಗೊಂದು ಪಾಸಿಟ್ಟ.
ಸಂಜೆ ಬನ್ನಿ ಅಕ್ಕಾ, ನಮ್ಮ ಕಂಡಕ್ಟರನ್ನ ನೋಡಿ.
ಎಂಬತ್ತೊಂದು ವರ್ಷ. ನೋಟು ನೋಡದೇ ನಡೆಸ್ತಾರೆ.

ದಿನವಿಡೀ ಹರಿದ ನೋಟು ಬೆಳಕಿಗೆ ಹಿಡಿದು
ನೋಡುವವಳು ನಾನು. ಹೋಗಲೇಬೇಕಾಯಿತು.

ನೈಟ್ ಹಾಲ್ಟ್. ಡ್ರೈವರ್ ಖಲಂದರಣ್ಣ ಊಟಕ್ಕೆ ನಡೆದ.
ಖಾಕಿಯ ಮೇಲೆ ಸ್ವೆಟರ್ ಎಳೆದುಕೊಂಡು
ಚರ್ಚಿನ ಹಿಂದಿನ ಸಭಾಂಗಣದಲ್ಲಿ ಕೊನೇ ಸಾಲು ಹಿಡಿದೆ.
ಹಿಂದಿನಿಂದ ತಲೆ ಎಣಿಸುವುದು ಅಭ್ಯಾಸ.

ಬಂದರು ಆಂಬ್ರೋಸ್ ಮಿನೇಜಸ್.
ಕುಳ್ಳಗೆ. ಕೋಟಿನ ಮೊಣಕೈ ಸವೆದು ಮಿರುಗುತ್ತಿತ್ತು.
ಪಿಟೀಲಿನ ಹುಡುಗಿ ಮೆಟ್ಟಿಲಲ್ಲಿ ಕೈಕೊಡಲು ಎದ್ದಳು;
ಅವಳ ಬಿಲ್ಲನ್ನು ನೋಡಿದರು, ಕೂತಳು.
ನಮಗೆ ಬೆನ್ನು ಮಾಡಿ
ಕಡ್ಡಿ ಎತ್ತಿದರು. ಎತ್ತಿದ್ದಷ್ಟೇ.

ಆ ಕ್ಷಣ ನನಗೆ ಗೊತ್ತು.
ಬಾಗಿಲು ಹಾಕಿಯಾಗಿದೆ, ಸೀಟಿ ಬಾಯಲ್ಲಿದೆ,
ಇನ್ನೂ ಊದಿಲ್ಲ;
ನಿಂತವರೆಲ್ಲ ಕಂಬಿ ಹಿಡಿದಿದ್ದಾರೆ.

ಹೊರಟಿತು.

ಯಾವ ರಾಗ ಅಂತ ನನ್ನ ಕೇಳಬೇಡಿ.
ಇನ್ನೂರು ವರ್ಷದ್ದಂತೆ, ಯಾವುದೋ ಚಳಿಯ ದೇಶದ್ದಂತೆ.
ನನಗೆ ಕಂಡದ್ದು: ಒಂದು ಸಣ್ಣ ಮಾತು
ಎಡಗಡೆಯ ಪಿಟೀಲುಗಳಿಂದ ಹೊರಟು
ಕೊಳಲಿನವರನ್ನು ದಾಟಿ ಹಿತ್ತಾಳೆಯವರ ತನಕ
ಕೈಯಿಂದ ಕೈಗೆ ಹೋಯಿತು,
ಸೋಮವಾರದ ರಶ್ಶಲ್ಲಿ ಹಿಂದಿನವರ ದುಡ್ಡನ್ನು
ಗುರುತಿಲ್ಲದವರು ಮುಂದೆ ದಾಟಿಸುವ ಹಾಗೆ.
ಒಂದು ರೂಪಾಯಿ ಕಳೆಯಲಿಲ್ಲ.

ಮೂಲೆಯಲ್ಲಿ ತಾಮ್ರದ ಹಂಡೆಯಂಥ ಎರಡು ನಗಾರಿ,
ಅದರ ಹಿಂದೆ ಮೀಸೆಯವನೊಬ್ಬ, ಎಷ್ಟೋ ಹೊತ್ತಿನಿಂದ ಸುಮ್ಮನೆ.
ಅವನ ಸರದಿಗೆ ಒಂದುಸಿರು ಮೊದಲು
ಮುದುಕರು ಆ ಕಡೆ ಕತ್ತು ಹೊರಳಿಸಿದರು.
ಹಗರೆ ಬರುವ ಮುಂಚೆ, ನಿದ್ದೆ ಹತ್ತಿದ ಅಜ್ಜಿಯ
ಭುಜ ಮುಟ್ಟುತ್ತೇನಲ್ಲ, ಹಾಗೆ.

ಒಂದು ಕಡೆ ಎಲ್ಲ ನಿಂತುಹೋಯಿತು.
ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿದೆ. ನಾನೊಬ್ಬಳೇ.
ನೋಡಿದರೆ ಸದ್ದಿಲ್ಲದ ಆ ಜಾಗದಲ್ಲೂ
ಕಡ್ಡಿ ಆಡುತ್ತಲೇ ಇದೆ, ಒಂದು, ಎರಡು, ಮೂರು.
ಅಯ್ಯೋ, ಇದು ಶೂನ್ಯ ಟಿಕೆಟ್!
ಹೆಂಗಸರಿಗೆ ದಿನಾ ಹರಿಯುತ್ತೇನೆ. ಕಾಸಿಲ್ಲ,
ಆದರೂ ಹರಿಯಬೇಕು, ಲೆಕ್ಕಕ್ಕೆ ಬರಬೇಕು.
ಆ ಮನುಷ್ಯ ಒಂದೇ ಒಂದು ಮೌನವನ್ನೂ
ಟಿಕೆಟಿಲ್ಲದೆ ಬಿಡಲಿಲ್ಲ.

ಆಮೇಲೆ ನಿಧಾನದ ಭಾಗ.
ಅದರ ನಡುವೆಲ್ಲೋ ಕಡ್ಡಿ ಕೆಳಗಿಟ್ಟರು.
ಎರಡೂ ಕೈ ಇಳಿಬಿಟ್ಟು ಸುಮ್ಮನೆ ಕೇಳುತ್ತ ನಿಂತರು.
ನಲವತ್ತು ಜನ ತಾವೇ ನಡೆದರು.
ಸವೆದ ಕೋಟಿನ ಬೆನ್ನು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು.

ಇಪ್ಪತ್ತೆರಡು ವರ್ಷದ ಸರ್ವಿಸಲ್ಲಿ
ನಾನೊಂದು ದಿನ ಹಾಗೆ ಕೈಬಿಟ್ಟು ನಿಂತವಳಲ್ಲ.
ಯಾರೋ ಬೀಳುತ್ತಾರೆ, ಯಾರೋ ಇಳಿಯುವುದು ಮರೆಯುತ್ತಾರೆ.
ಅವರಿಗೆ ಭಯವಿರಲಿಲ್ಲವೋ, ಇದ್ದೂ
ನಿಂತರೋ, ಬೆನ್ನು ನೋಡಿ ಹೇಳುವುದು ಕಷ್ಟ.

ಮುಗಿದಾಗ ನಗಾರಿಯವನನ್ನು ಎಬ್ಬಿಸಿ ತೋರಿಸಿದರು,
ನನ್ನ ಚೆಲ್ಲೋ ಹುಡುಗನನ್ನು,
ಎಲ್ಲರನ್ನೂ. ಕೊನೆಗೆ ತಾವು ತಿರುಗಿದರು.
ಅದು ರಶ್ಶೆಲ್ಲ ಇಳಿದ ಮೇಲೆ ಖಾಲಿ ಬಸ್ಸಲ್ಲಿ
ಕಲೆಕ್ಷನ್ ಎಣಿಸಿ, ಸರಿಬಂದು,
ಇನ್ನೊಮ್ಮೆ ಎಣಿಸೋಣವಾ ಅನ್ನುವವರ ಮುಖ.

ಬೆಳಿಗ್ಗೆ ಐದೂಮುಕ್ಕಾಲಿನ ಟ್ರಿಪ್ಪು.
ಹೆಂಗಿತ್ತಮ್ಮಾ, ಅಂದ ಖಲಂದರಣ್ಣ.
ರೈಟ್, ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ.

ಬೇಲೂರು ದಾಟಿದ ಮೇಲೆ ನೆನಪಾಯಿತು, ಹದಿನಾಲ್ಕು ರೂಪಾಯಿ.
ಹುಡುಗ ಕೇಳಲಿಲ್ಲ, ನಾನೂ ಕೊಡಲಿಲ್ಲ.
ಬ್ಯಾಗಿನ ಬೇರೆ ಖಾನೆಯಲ್ಲಿಟ್ಟಿದ್ದೇನೆ.